ಹುಣಸೆಹಣ್ಣಿನಲ್ಲಿ ತಿಕ್ಕಿದ ನಾಣ್ಯ

ಕಾರವಾರದ ಮನೆಯ ಹಳೆಯ ಪೆಟ್ಟಿಗೆಯಲ್ಲಿ ಇಂದು ಅಜ್ಜಿಯ ಕಾಲದ ಪೋರ್ಚುಗೀಸ್ ನಾಣ್ಯವೊಂದು ಸಿಕ್ಕಿತು. ಗೋವಾ 1961ರಲ್ಲೇ ಕೈತಪ್ಪಿದರೂ ಪೋರ್ಚುಗಲ್ ರಾಜಧಾನಿ ಲಿಸ್ಬನ್ ಅದನ್ನು ಒಪ್ಪಿಕೊಂಡದ್ದು 1974ರ ಕೊನೆಗೆ. ನಡುವೆ ಆಫ್ರಿಕಾದ ಪೋರ್ಚುಗೀಸ್ ವಸಾಹತುಗಳಾದ ಅಂಗೋಲಾ, ಗಿನಿ, ಮೊಜಾಂಬಿಕ್‌ಗಳಲ್ಲಿ ಮುಗಿಯದ ಯುದ್ಧ. ಗೆಲ್ಲಲಾಗದ ಆ ಕಾಳಗದಿಂದ ರೋಸಿಹೋದ ಪೋರ್ಚುಗೀಸ್ ಸೇನೆಯ ಯುವ ಕ್ಯಾಪ್ಟನ್‌ಗಳು 1974ರ ಏಪ್ರಿಲ್ 25ರಂದು ತಮ್ಮದೇ ಸರ್ಕಾರದ ಮೇಲೆ ತಿರುಗಿಬಿದ್ದರು. 48 ವರ್ಷಗಳ ಸರ್ವಾಧಿಕಾರ ಒಂದೇ ದಿನದಲ್ಲಿ ಮಗುಚಿತು! ಜನ ಬಂದೂಕಿನ ನಳಿಗೆಗಳಿಗೆ ಕೆಂಪು ಕಾರ್ನೇಷನ್ ಹೂವು ಸಿಕ್ಕಿಸಿದರು. (ರಕ್ತವೇ ಹರಿಯಲಿಲ್ಲ ಎನ್ನುವವರಿದ್ದಾರೆ, ರಹಸ್ಯ ಪೊಲೀಸರ ಗುಂಡಿಗೆ ನಾಲ್ವರು ಬಲಿಯಾಗಿದ್ದರು.) ಮರುವರ್ಷ ಅದೇ ದಿನ ಚುನಾವಣೆ. ವಸಾಹತು ಉಳಿಸಲು ಹೂಡಿದ ಯುದ್ಧ ಹೂಡಿದವರನ್ನೇ ನುಂಗಿದ್ದು ನನಗೆ ಈಗಲೂ ಸೋಜಿಗ. ನಾಣ್ಯವನ್ನು ಹುಣಸೆಹಣ್ಣು ಹಚ್ಚಿ ತಿಕ್ಕುತ್ತಿದ್ದೇನೆ, ಇಸವಿ ಇನ್ನೂ ಕಾಣುತ್ತಿಲ್ಲ.