ಅದು ಬರೀ ಸ್ಟ್ರೆಸ್ ಅಲ್ಲ
1991ರ ಮಾರ್ಚ್‌ನಲ್ಲಿ, ಕೊಲ್ಲಿ ಯುದ್ಧ ಆಗಷ್ಟೇ ಮುಗಿದಿತ್ತು. ದಕ್ಷಿಣ ಇರಾಕಿನ ಖಮಿಸಿಯಾದಲ್ಲಿದ್ದ ಮದ್ದುಗುಂಡಿನ ಉಗ್ರಾಣವನ್ನು ಅಮೆರಿಕದ ಸೈನಿಕರು ಉಡಾಯಿಸಿದರು. ಅಲ್ಲಿದ್ದ ರಾಕೆಟ್‌ಗಳಲ್ಲಿ ಸಾರಿನ್ ವಿಷ ಇತ್ತು. ಉಡಾಯಿಸಿದವರಿಗೆ ಅದು ಗೊತ್ತಿರಲಿಲ್ಲ. ಪೆಂಟಗನ್ ಇದನ್ನು ಬಾಯಿಬಿಟ್ಟು ಹೇಳಿದ್ದು 1996ರಲ್ಲಿ.

ಅಲ್ಲಿಯವರೆಗೆ ಮೈಕೈ ನೋವು, ಮರೆವು, ನಿದ್ದೆ ಇಲ್ಲ, ಸುಸ್ತು ಅಂತ ಆಸ್ಪತ್ರೆಗೆ ಹೋದ ಎಷ್ಟೋ ಮಾಜಿ ಸೈನಿಕರಿಗೆ ಸಿಕ್ಕ ಉತ್ತರ ಒಂದೇ: ಯುದ್ಧದ ಸ್ಟ್ರೆಸ್, ಅಷ್ಟೇ.

ಸಾರಿನ್ ಒಂದೇ ಅಲ್ಲ. ಕುವೈತಿನಲ್ಲಿ 600ಕ್ಕೂ ಹೆಚ್ಚು ಎಣ್ಣೆ ಬಾವಿಗಳು ತಿಂಗಳುಗಟ್ಟಲೆ ಉರಿದವು. ನೊಣ, ಸೊಳ್ಳೆಗೆ ಅಂತ ಟೆಂಟ್‌ಗಳಿಗೆ ಕೀಟನಾಶಕ ಹೊಡೆದರು. ವಿಷಾನಿಲದ ದಾಳಿ ಆದರೆ ಇರಲಿ ಅಂತ ಪಿರಿಡೋಸ್ಟಿಗ್ಮಿನ್ ಮಾತ್ರೆ ಕೊಟ್ಟರು, ಎಂಟು ಗಂಟೆಗೊಂದು. ನರಗಳು ಸುದ್ದಿ ಮುಟ್ಟಿಸಲು ಬಿಡುವ ಅಸಿಟೈಲ್‌ಕೋಲಿನ್ ಅನ್ನೋ ರಾಸಾಯನಿಕವನ್ನು ಕೆಲಸ ಆದಮೇಲೆ ಒಂದು ಕಿಣ್ವ ಒಡೆದುಹಾಕುತ್ತದೆ. ಸಾರಿನ್, ಆ ಮಾತ್ರೆ, ಬಳಸಿದ ಹಲವು ಕೀಟನಾಶಕಗಳು, ಎಲ್ಲವೂ ಅದೇ ಕಿಣ್ವವನ್ನು ತಡೆಯುತ್ತವೆ. ನಮ್ಮ ಕಡೆ ಹೊಲಕ್ಕೆ ಔಷಧಿ ಹೊಡೆದವರು ತಲೆ ಸುತ್ತಿ ಬಿದ್ದು ಆಸ್ಪತ್ರೆ ಸೇರುತ್ತಾರಲ್ವಾ, ಎಷ್ಟೋ ಸಲ ಅದಕ್ಕೂ ಇದೇ ಕಾರಣ.

2008ರಲ್ಲಿ ಅಮೆರಿಕದ ಸಂಸತ್ತಿನ ಆದೇಶದಂತೆ ರಚನೆಯಾಗಿದ್ದ ಸಮಿತಿ ಸ್ಪಷ್ಟವಾಗಿ ಹೇಳಿತು. ಈ ಕಾಯಿಲೆ ನಿಜ. ಹೋಗಿದ್ದ ಸುಮಾರು 7 ಲಕ್ಷ ಜನರಲ್ಲಿ ನಾಲ್ಕರಲ್ಲಿ ಒಬ್ಬರಿಗಾದರೂ ಇದೆ. ಕಾರಣ ಆ ಮಾತ್ರೆ ಮತ್ತು ಕೀಟನಾಶಕ, ಮಾನಸಿಕ ಒತ್ತಡ ಅಲ್ಲ. ಹದಿನೇಳು ವರ್ಷ ಆಗಿಹೋಗಿತ್ತು.

ಟೆಕ್ಸಾಸ್‌ನಲ್ಲಿ ನಮ್ಮ ಪಕ್ಕದ ಮನೆಯವರು ಆ ಯುದ್ಧದಲ್ಲಿ ಟ್ರಕ್ ಓಡಿಸಿದವರು. ಅಂಗಿ ಜೇಬಿನಲ್ಲಿ ಯಾವಾಗಲೂ ಒಂದು ಪುಟ್ಟ ನೋಟ್‌ಬುಕ್ ಇರುತ್ತದೆ: ಮೊಮ್ಮಕ್ಕಳ ಹೆಸರು, ಸ್ಟೌ ಆಫ್ ಮಾಡಿದೆನಾ, ಇವತ್ತು ಯಾವ ವಾರ. ಪೆಟ್ರೋಲ್ ಬಂಕಿನ ವಾಸನೆ ಬಂದರೆ ತಲೆ ಹಿಡಿದುಕೊಂಡು ಕೂರುತ್ತಾರೆ. ಈಚೆಗೆ ಯಾರ ಜೊತೆಗೂ ಮಾತಿಲ್ಲ, ರಾತ್ರಿಯೆಲ್ಲ ಎದ್ದೇ ಇರುತ್ತಾರೆ. ಕೌನ್ಸೆಲಿಂಗ್‌ಗೆ ಹೋಗಿ ಅಂತ ಅವರ ಹೆಂಡತಿ ಕೈಮುಗಿದು ಕೇಳಿದರೂ ಎದ್ದು ಹೊರಗೆ ಹೋಗಿಬಿಡುತ್ತಾರೆ. ಯಾಕೆ ಹೋಗಬೇಕು ಹೇಳಿ? ತೊಂಬತ್ತರ ದಶಕದಲ್ಲಿ ಎಲ್ಲಾ ಮನಸ್ಸಿನದು, ಸ್ಟ್ರೆಸ್ ಅಂತ ಹೇಳಿಯೇ ಅವರನ್ನು ಸಾಗಹಾಕಿದ್ದರು.

ನನಗೆ ಹೊಟ್ಟೆ ಉರಿಯುವುದು ಇಲ್ಲೇ. ಮೈಯ ಕಾಯಿಲೆಗೆ ಮನಸ್ಸಿನ ಹೆಸರಿಟ್ಟು ಕಳಿಸಿದರೆ ಮೈಗೂ ಚಿಕಿತ್ಸೆ ಸಿಗುವುದಿಲ್ಲ, ಮುಂದೆ ಮನಸ್ಸು ನಿಜವಾಗಿ ಕುಸಿದಾಗ ಆ ಮನುಷ್ಯ ಸಹಾಯವನ್ನೂ ಒಲ್ಲೆ ಅನ್ನುತ್ತಾನೆ. ವರ್ಷಗಟ್ಟಲೆ ನೋವು ತಿಂದು, ಯಾರೂ ನಂಬದೆ ಹೋದರೆ ಖಿನ್ನತೆ ಬರದೆ ಇನ್ನೇನು ಬರುತ್ತದೆ?

2022ರ ಆಗಸ್ಟ್‌ನಲ್ಲಿ ಅಮೆರಿಕದಲ್ಲಿ ಮಾಜಿ ಸೈನಿಕರಿಗಾಗಿ ಪ್ಯಾಕ್ಟ್ ಕಾಯ್ದೆ ಬಂತು. ಇರಾಕ್, ಅಫ್ಘಾನಿಸ್ತಾನದ ಸೇನಾ ನೆಲೆಗಳ ಕಸದ ಗುಂಡಿಗಳಲ್ಲಿ ಪ್ಲಾಸ್ಟಿಕ್, ಬ್ಯಾಟರಿ, ಆಸ್ಪತ್ರೆ ಕಸ ಎಲ್ಲಾ ಸುಟ್ಟ ಹೊಗೆ ಕುಡಿದವರಿಗೆ ಹಲವು ಕ್ಯಾನ್ಸರ್, ಶ್ವಾಸಕೋಶದ ಕಾಯಿಲೆ ಬಂದರೆ, ಪರಿಹಾರ ಪಡೆಯಲು ಅದು ಸೇವೆಯಿಂದಲೇ ಬಂದದ್ದು ಅಂತ ಅವರೇ ಸಾಬೀತು ಮಾಡಬೇಕಿಲ್ಲ. ಒಳ್ಳೆಯದೇ. ಆದರೆ ಆ ಪಟ್ಟಿಯಲ್ಲಿ ಖಿನ್ನತೆ ಇಲ್ಲ. ಸೇವೆಯಿಂದ ಬಂದ ಕಾಯಿಲೆಯಿಂದಲೇ ಖಿನ್ನತೆ ಬಂತು ಅಂತ ಬೇರೆ ಅರ್ಜಿ ಹಾಕಬಹುದು, ಜಾಸ್ತಿ ಜನಕ್ಕೆ ಈ ದಾರಿ ಗೊತ್ತೇ ಇರುವುದಿಲ್ಲ. ನಿಮ್ಮ ಪರಿಚಯದವರಿದ್ದರೆ ದಯವಿಟ್ಟು ಹೇಳಿ.

ಮನೆಯಲ್ಲಿ ಮಾಜಿ ಸೈನಿಕರಿದ್ದರೆ ಎಲ್ಲಿ ಪೋಸ್ಟಿಂಗ್ ಇತ್ತು, ಯಾವ ಹೊಗೆ, ಯಾವ ಮಾತ್ರೆ ಅಂತ ಕೂತು ಬರೆಸಿಕೊಳ್ಳಿ. ಆ ಹಾಳೆಯನ್ನು ಡಾಕ್ಟರಿಗೂ ಕೊಡಿ, ಕೌನ್ಸೆಲರಿಗೂ ಕೊಡಿ. ತೀರಾ ಕಷ್ಟದಲ್ಲಿದ್ದರೆ ಅಮೆರಿಕದಲ್ಲಿ 988ಕ್ಕೆ ಫೋನ್ ಮಾಡಿ 1 ಒತ್ತಿದರೆ ಮಾಜಿ ಸೈನಿಕರಿಗೆಂದೇ ಇರುವ ಸಹಾಯವಾಣಿ ಸಿಗುತ್ತದೆ. ಭಾರತದಲ್ಲಿ ಟೆಲಿ ಮನಸ್, 14416. ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.