ನಿಮ್ಮ ಪಿಯಾನೋವನ್ನು ಜೊತೆಗೇ ಒಯ್ಯುತ್ತೀರಾ?

ಕಛೇರಿ ಮುಗಿದ ಮೇಲೆ ವೇದಿಕೆಯ ಹಿಂದೆ ಬಂದು ಮಾತಾಡಿಸುವವರು, ವಿಮಾನದಲ್ಲಿ ಪಕ್ಕದ ಸೀಟಿನಲ್ಲಿ ಕೂತವರು, ಪಿಟೀಲು ಕಲಿಯುತ್ತಿರುವ ಮಕ್ಕಳು, ಎಲ್ಲರೂ ಕೇಳುವುದು ಇದನ್ನೇ: "ಊರೂರು ತಿರುಗಿ ನುಡಿಸುತ್ತೀರಲ್ಲ, ನಿಮ್ಮ ಪಿಯಾನೋ ಹೇಗೆ ಸಾಗಿಸುತ್ತೀರಿ?"

ಸಾಗಿಸುವುದಿಲ್ಲ. ದೊಡ್ಡ ಸಭಾಂಗಣಗಳಲ್ಲಿರುವ ಕಾನ್ಸರ್ಟ್ ಗ್ರ್ಯಾಂಡ್ ಪಿಯಾನೋ ಸುಮಾರು 2.7 ಮೀಟರ್ ಉದ್ದ, ತೂಕ ಹತ್ತಿರ ಹತ್ತಿರ 500 ಕಿಲೋ. ಪಿಟೀಲಿನವರು ವರ್ಷಗಟ್ಟಲೆ ಕೈಗೆ ಪಳಗಿದ ವಾದ್ಯವನ್ನು ಹೆಗಲಿಗೇರಿಸಿಕೊಂಡು ಹೊರಡುತ್ತಾರೆ. ನಾವು ಬರಿಗೈಯಲ್ಲಿ ಹೋಗುತ್ತೇವೆ. ಅಲ್ಲಿ ಯಾವುದಿದೆಯೋ ಆ ರಾತ್ರಿಗೆ ಅದೇ ನಮ್ಮದು.

ಒಯ್ದವರೂ ಇದ್ದಾರೆ. ಪಿಯಾನೋ ವಾದಕ ವ್ಲಾಡಿಮಿರ್ ಹೊರೊವಿಟ್ಸ್ 1925ರಲ್ಲಿ ಸೋವಿಯತ್ ನಾಡು ಬಿಟ್ಟವರು. 1986ರಲ್ಲಿ, ವಯಸ್ಸು ಎಂಬತ್ತು ದಾಟಿದ ಮೇಲೆ, ಮಾಸ್ಕೋಗೆ ಮರಳಿ ನುಡಿಸಿದಾಗ ನ್ಯೂಯಾರ್ಕ್ ಮನೆಯ ಸ್ಟೈನ್‌ವೇ ಪಿಯಾನೋವನ್ನೇ ತರಿಸಿಕೊಂಡಿದ್ದರು. ಇನ್ನೊಬ್ಬ ಪಿಯಾನೋ ವಾದಕ ಗ್ಲೆನ್ ಗೌಲ್ಡ್ ಹೋದಲ್ಲೆಲ್ಲ ಒಯ್ಯುತ್ತಿದ್ದದ್ದು ಕುರ್ಚಿಯನ್ನು. ಅವರ ಅಪ್ಪ ಅದರ ಕಾಲು ಕತ್ತರಿಸಿ ತಗ್ಗಿಸಿಕೊಟ್ಟಿದ್ದ ಮಡಚುವ ಕುರ್ಚಿ. ಅವರಿಗೆ ಬಲು ಇಷ್ಟವಾಗಿದ್ದ ಪಿಯಾನೋ ಸಾಗಣೆಯ ವೇಳೆ ಬಿದ್ದು ಪೆಟ್ಟಾಯಿತು. ಎಷ್ಟು ರಿಪೇರಿ ಮಾಡಿದರೂ ಮೊದಲಿನಂತಾಗಲಿಲ್ಲ. ಈ ಸಂಗತಿ ನೆನೆದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಹಾಗಾಗಿ ನನ್ನ ಕಛೇರಿಯ ದಿನ ಒಂದು ಪರಿಚಯದಿಂದ ಶುರುವಾಗುತ್ತದೆ. ಖಾಲಿ ಸಭಾಂಗಣ, ಗೊತ್ತಿಲ್ಲದ ಪಿಯಾನೋ, ಸಿಗುವುದು ಹೆಚ್ಚೆಂದರೆ ಎರಡು ಗಂಟೆ. ಮೊದಲು ಸ್ಟೂಲಿನ ಎತ್ತರ ಸರಿಮಾಡಿಕೊಳ್ಳುತ್ತೇನೆ. ಆಮೇಲೆ ದೊಡ್ಡದೇನನ್ನೂ ನುಡಿಸುವುದಿಲ್ಲ. ಜೋರಾಗಿ ನುಡಿಸಿದರೆ ಯಾವ ಪಿಯಾನೋ ಆದರೂ ಸ್ಪಂದಿಸುತ್ತದೆ. ಅದರ ನಿಜವಾದ ಗುಣ ಬಯಲಾಗುವುದು ಮೆಲ್ಲಗೆ ನುಡಿಸಿದಾಗ.

ಸಂಗೀತ ರಚನಕಾರ ಶೂಬರ್ಟ್ ತೀರಿಕೊಂಡ ವರ್ಷ, 1828ರಲ್ಲಿ, ಪಿಯಾನೋಗೆಂದು ಬರೆದ ಬಿ ಫ್ಲ್ಯಾಟ್ ಸೊನಾಟಾ ಎಂಬ ದೀರ್ಘ ಕೃತಿ ಇದೆ. ಶಾಂತವಾದ ಮೊದಲ ಸಾಲು ಮುಗಿಯುತ್ತಿದ್ದಂತೆ ಎಡಗೈ ಮಂದ್ರಕ್ಕಿಳಿದು ಜಿ ಫ್ಲ್ಯಾಟ್ ಸ್ವರದ ಮೇಲೆ ಒಂದು ಟ್ರಿಲ್ ನುಡಿಸಬೇಕು: ಅಕ್ಕಪಕ್ಕದ ಎರಡು ಸ್ವರಗಳ ನಡುವೆ ಬೆರಳುಗಳ ಬಿರುಸಿನ ಓಡಾಟ, ಆದರೆ ಕೇಳಿಸಿತೋ ಇಲ್ಲವೋ ಎಂಬಷ್ಟು ಮೆಲ್ಲಗೆ. ನನ್ನ ಪರೀಕ್ಷೆ ಅಲ್ಲಿಂದಲೇ ಶುರು. ಕೀ ಒತ್ತಿದಾಗ ಅದು ಕೆಳಗಿಳಿಯುವುದು ಸುಮಾರು ಒಂದು ಸೆಂಟಿಮೀಟರ್. ತಳ ಮುಟ್ಟುವುದಕ್ಕೆ ಸ್ವಲ್ಪ ಮುಂಚೆ ಬೆರಳಿಗೆ ಸಣ್ಣದೊಂದು ತಡೆ ಸಿಗುತ್ತದೆ. ಅಲ್ಲಿಂದಾಚೆ ತಂತಿಗೆ ಬಡಿಯುವ ಪುಟ್ಟ ಸುತ್ತಿಗೆ ನಮ್ಮ ಹಿಡಿತದಲ್ಲಿರುವುದಿಲ್ಲ. ತಾನಾಗಿ ತಂತಿಯತ್ತ ಹಾರುತ್ತದೆ. ಕೀ ಪೂರ್ತಿ ಮೇಲೆ ಬರುವ ಮೊದಲೇ ಅದೇ ಸ್ವರವನ್ನು ಮತ್ತೆ ನುಡಿಸಲು ಪಿಯಾನೋ ತಯಾರಕ ಸೆಬಾಸ್ಟಿಯನ್ ಎರಾರ್ ರೂಪಿಸಿದ ಏರ್ಪಾಟಿಗೆ 1821ರಲ್ಲಿ ಪೇಟೆಂಟ್ ಸಿಕ್ಕಿತ್ತು. ಆ ಟ್ರಿಲ್ ಇಂದು ನಿಂತಿರುವುದು ಅದರ ಮೇಲೆಯೇ. ಬೆರಳನ್ನು ಎತ್ತದೆ, ಆ ತಡೆಯ ಹತ್ತಿರವೇ ಕೀಯನ್ನು ಅಲುಗಿಸುತ್ತಿರಬೇಕು. ಒಂದು ಪಿಯಾನೋದಲ್ಲಿ ತಡೆ ಬೆಣ್ಣೆಯಂತೆ ಮೆತ್ತಗಿರುತ್ತದೆ, ಇನ್ನೊಂದರಲ್ಲಿ ಮುಗ್ಗರಿಸುವಂತಿರುತ್ತದೆ. ಆ ಒಂದು ಟ್ರಿಲ್ ಹತ್ತಿಪ್ಪತ್ತು ಸಲ ನುಡಿಸಿದರೆ ಸಂಜೆ ಹೇಗೆ ಹೋದೀತೆಂದು ಅಂದಾಜು ಸಿಗುತ್ತದೆ.

ಆಮೇಲಿನ ಕೆಲಸ ಶ್ರುತಿ ಮಾಡುವವರ ಜೊತೆ. ಇವರ ಹೆಸರು ಕರಪತ್ರದಲ್ಲಿ ಇರುವುದೇ ಇಲ್ಲ; ಇರಬೇಕು ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ. "ಈ ನಾಲ್ಕು ಸ್ವರ ಕಿವಿಗೆ ಚುಚ್ಚುತ್ತಿವೆ" ಎಂದರೆ ಸಾಕು, ಕೀಗಳ ಸಮೇತ ಇಡೀ ಯಂತ್ರವನ್ನು ಡ್ರಾಯರಿನಂತೆ ಹೊರಗೆಳೆದು, ಸುತ್ತಿಗೆಯ ತುದಿಯ ಉಣ್ಣೆಯ ಫೆಲ್ಟನ್ನು ಸೂಜಿಯಿಂದ ಚುಚ್ಚಿ ಸಡಿಲಿಸುತ್ತಾರೆ. ಸ್ವರದ ಮೊನಚು ಇಳಿಯುತ್ತದೆ.

ಇಷ್ಟಾದರೂ ಕೈಕೊಡುವ ರಾತ್ರಿಗಳಿವೆ. ಒಮ್ಮೆ ಮಳೆಗಾಲದಲ್ಲಿ, ನಿಧಾನಗತಿಯ ಭಾಗದ ನಡುವೆ, ತೇವಕ್ಕೆ ಉಬ್ಬಿದ್ದ ಒಂದು ಕೀ ಒತ್ತಿದ್ದು ಮೇಲೆ ಬರಲೇ ಇಲ್ಲ. ಕೀ ಕೆಳಗೇ ಉಳಿದರೆ ತಂತಿಯನ್ನು ಸುಮ್ಮನಾಗಿಸುವ ಡ್ಯಾಂಪರ್ ಮೇಲೆಯೇ ಇರುತ್ತದೆ, ಸ್ವರ ಅನುರಣಿಸುತ್ತಲೇ ಇರುತ್ತದೆ. ಪ್ರತಿ ಸಲ ನುಡಿಸಿದ ಮೇಲೂ ಬಿಡುವಿದ್ದ ಹೆಬ್ಬೆರಳಿನಿಂದ ಅದನ್ನು ಮೇಲಕ್ಕೆತ್ತುತ್ತಾ ಆ ಭಾಗ ಮುಗಿಸಿದೆ. ಸಂಗೀತ ಹೇಗಿತ್ತೋ ನೆನಪಿಲ್ಲ, ಆ ಹೆಬ್ಬೆರಳು ಮಾತ್ರ ನೆನಪಿದೆ.

"ಹಾಗಾದರೆ ಮನೆಯಲ್ಲಿ ದಿನಕ್ಕೆ ಐದಾರು ಗಂಟೆ ಏನು ಅಭ್ಯಾಸ ಮಾಡುತ್ತೀರಿ?" ಎಂದು ಕೆಲವರು ಮುಂದುವರಿಸುತ್ತಾರೆ. ಮುಖ್ಯವಾಗಿ ಕಿವಿಯನ್ನು. ಆ ಟ್ರಿಲ್ ಹೇಗೆ ಕೇಳಿಸಬೇಕೆಂಬುದು ತಲೆಯಲ್ಲಿ ಖಚಿತವಾಗಿದ್ದರೆ ಹೊಸ ಪಿಯಾನೋದಲ್ಲಿ ಬೆರಳು ದಾರಿ ಹುಡುಕಿಕೊಳ್ಳುತ್ತದೆ. ಬೆರಳಿಗೆ ಮಾತ್ರ ಗೊತ್ತಿದ್ದರೆ ಅದು ಮನೆಯ ಪಿಯಾನೋವನ್ನೇ ಹುಡುಕುತ್ತಾ ತಡವರಿಸುತ್ತದೆ. ವಿದ್ಯಾರ್ಥಿಗಳಿಗೆ ಸಿಕ್ಕ ಸಿಕ್ಕ ಪಿಯಾನೋಗಳಲ್ಲಿ, ಗೋಡೆಗೊರಗಿಸಿಡುವ ಹಳೆಯ ಸವೆದ ಅಪ್‌ರೈಟ್ ಪಿಯಾನೋಗಳಲ್ಲೂ ನುಡಿಸಿ ಎಂದು ಒತ್ತಾಯಿಸುವುದು ಇದಕ್ಕೇ.

ಈಚೆಗೆ, ಮೂರು ವರ್ಷದ ಹಿಂದೆ ಮನಸೋತಿದ್ದ ಒಂದು ಪಿಯಾನೋ ಇರುವ ಸಭಾಂಗಣಕ್ಕೆ ಮತ್ತೆ ಹೋಗಿದ್ದೆ. ಹಳೆಯ ಗೆಳೆಯನನ್ನು ಕಾಣುವ ಹುರುಪಿನಲ್ಲಿ ಕೂತೆ. ಈ ನಡುವೆ ಸುತ್ತಿಗೆಗಳನ್ನೆಲ್ಲ ಬದಲಿಸಿದ್ದರಂತೆ. ಸ್ಟೂಲ್ ಸರಿಮಾಡಿಕೊಂಡು ಮತ್ತೆ ಆ ಜಿ ಫ್ಲ್ಯಾಟ್‌ನಿಂದ ಶುರು ಮಾಡಿದೆ.