ಎಷ್ಟು ಗಂಟೆಯ ನೀರು?

ಇವತ್ತು ಓದಿದ ಕೆರೆ ವರದಿಯೊಂದರಲ್ಲಿ 'ಕರಗಿದ ಆಮ್ಲಜನಕ ಲೀಟರಿಗೆ 7 ಮಿಲಿಗ್ರಾಂ, ಕೆರೆ ಆರೋಗ್ಯವಾಗಿದೆ' ಅಂತಿತ್ತು. ನೀರು ತೆಗೆದ ಹೊತ್ತು ಮಾತ್ರ ಎಲ್ಲೂ ಇಲ್ಲ.

ಎಡವಟ್ಟಾಗೋದೇ ಅಲ್ಲಿ. ಪಾಚಿಗಟ್ಟಿದ ಕೆರೇಲಿ ಮಧ್ಯಾಹ್ನ ಎರಡು ಮೂರು ಗಂಟೆಗೆ ಅಳೆದ್ರೆ ಆಮ್ಲಜನಕ ಧಾರಾಳ. ಬಿಸಿಲಿಗೆ ಪಾಚಿಯೇ ತಯಾರಿಸ್ತಿರುತ್ತೆ. ರಾತ್ರಿಯಿಡೀ ಅದೇ ಪಾಚಿ, ಕೊಳಚೆ ತಿನ್ನೋ ಬ್ಯಾಕ್ಟೀರಿಯಾ ಸೇರಿ ಎಳ್ಕೊಳ್ತವೆ. ಬೆಳಗಿನ ಜಾವಕ್ಕೆ ಆಮ್ಲಜನಕ 2 ಮಿಲಿಗ್ರಾಂಗಿಂತ ಕೆಳಗೂ ಇಳೀಬಹುದು. ಮೀನು ಬಾಯಿ ಮೇಲೆತ್ತಿ ಒದ್ದಾಡೋದು ಆಗಲೇ.

ಮೀನುಗಾರಿಕೆಗೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಹೇಳೋ ಕನಿಷ್ಠ ಮಟ್ಟ ಲೀಟರಿಗೆ 4 ಮಿಲಿಗ್ರಾಂ.

ವರದಿ ಬರೆಯೋರೇ, ದಯವಿಟ್ಟು ಸೂರ್ಯ ಹುಟ್ಟೋ ಮುಂಚಿನದೊಂದು, ಮಧ್ಯಾಹ್ನದ್ದೊಂದು ಅಂಕಿ ಕೊಡಿ. ಪಕ್ಕದಲ್ಲೇ ಗಂಟೆ, ಆಳ, ನೀರಿನ ಉಷ್ಣಾಂಶ ಬರೀರಿ. ನೀರು ತುಂಬಿದ ಬಾಟಲಿಯಲ್ಲಿ ಗಾಳಿಗುಳ್ಳೆ ಉಳಿದಿದ್ರೆ ಅಂಕಿ ತಪ್ಪಬಹುದು; ಆ ನೀರು ಚೆಲ್ಲಿ, ಮತ್ತೆ ತುಂಬಿ.